ತಟ್ಟಿದರೆ ಬಿಡಬೇಕು

ಶಿವಮೊಗ್ಗದ ಗೋಪಾಳದಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಅದರ ಮಹಡಿಯ ಮೇಲೆ ಸಮ್ರೀನ್ ಮಕ್ಕಳಿಗೆ ಜೂಡೋ ಕಲಿಸುತ್ತಾಳೆ. ಸಂಜೆ ಕೆಳಗೆ ಗಿರಣಿ ನಿಂತ ಮೇಲೆಯೇ ಮೇಲೆ ಕ್ಲಾಸು ಶುರುವಾಗೋದು, ಇಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸೋದಿಲ್ಲ. ಯಾರಾದರೂ ಖಾರದ ಪುಡಿ ಮಾಡಿಸಿದ ದಿನ ಘಾಟು ಮೆಟ್ಟಿಲು ಹತ್ತಿ ಬರುತ್ತದೆ. ಮಕ್ಕಳು ಸಾಲಾಗಿ ಮಂಡಿಯೂರಿ, ತಲೆ ಬಗ್ಗಿಸಿ ನಮಸ್ಕಾರ ಮಾಡುವ ಹೊತ್ತಿಗೆ ಸರಿಯಾಗಿ ಒಬ್ಬ ಸೀನುತ್ತಾನೆ, ಅವನ ಹಿಂದೆಯೇ ಇನ್ನೊಬ್ಬಳು. ಯಾರಾದರೂ ನಕ್ಕರೋ, ಎಲ್ಲರೂ ಎದ್ದು ಮತ್ತೆ ಮೊದಲಿಂದ ಕೂರಬೇಕು. ಹಾಗಾಗಿ ನಗು ನುಂಗೋದನ್ನು ಅಲ್ಲಿನ ಮಕ್ಕಳು ಬಹಳ ಬೇಗ ಕಲಿತುಬಿಡುತ್ತಾರೆ.

ಆಮೇಲೆ ಕಲಿಯೋದು ಬೀಳೋದನ್ನ. ಜೂಡೋದಲ್ಲಿ ಗುದ್ದೋದಿಲ್ಲ, ಒದೆಯೋದೂ ಇಲ್ಲ. ಎದುರಿನವರ ಅಂಗಿ ಹಿಡಿದು ಬೀಳಿಸಬೇಕು, ಬಿದ್ದವರು ಏಳದ ಹಾಗೆ ಒತ್ತಿ ಹಿಡಿಯಬೇಕು. ಬೀಳಿಸೋಕೆ ಮುಂಚೆ ತಾನು ಬೀಳೋದು ಬರಬೇಕಲ್ಲ. ಗದ್ದ ಎದೆಗೆ ಒತ್ತಿಕೊಂಡು, ಬೆನ್ನನ್ನು ಬುಟ್ಟಿಯ ಹಾಗೆ ಬಗ್ಗಿಸಿ, ಕೈಯನ್ನು ಚಪ್ಪಟೆಯಾಗಿ ನೆಲಕ್ಕೆ ಬಡಿದು ಬೀಳೋದು. "ಬಂದಾಗಿಂದ ನನ್ನ ಮಗ ಬೀಳ್ತಾನೇ ಇದಾನಲ್ಲಮ್ಮ, ಏಳೋದು ಯಾವಾಗ?" ಅಂತ ವಾಣಿ ಅನ್ನೋ ತಾಯಿಯೊಬ್ಬಳು ಕೇಳಿದ್ದುಂಟು. "ಬಿದ್ದಾಗೆಲ್ಲ ಎದ್ದಿದಾನಲ್ಲ ವಾಣಕ್ಕ. ಅದೂ ಅವನೇ ಎದ್ದಿದಾನೆ, ಯಾರೂ ಎತ್ತಲಿಲ್ಲ" ಅಂದಳು ಸಮ್ರೀನ್. ಮೊದಲೆಲ್ಲ ಬಿದ್ದರೆ ತಾಯಿ ಬಂದು ಎತ್ತೋವರೆಗೂ ನೆಲ ಬಿಡದೆ ಅಳುತ್ತಿದ್ದ ಹುಡುಗ ಅವನು. ವಾಣಿ ಹೌದಲ್ವಾ ಅಂದುಕೊಂಡು ಮೆಟ್ಟಿಲಿಳಿದಳು.

ಇವೆಲ್ಲ ಮಕ್ಕಳಿಗೆ ಬರುತ್ತವೆ. ಕಷ್ಟ ಇರೋದು ತಟ್ಟೋದರಲ್ಲಿ.

ಎದುರಿನವರ ಹಿಡಿತದಲ್ಲಿ ಸಿಕ್ಕಿಬಿದ್ದು ನೋವು ಶುರುವಾಯಿತು ಅಂದ ಕೂಡಲೇ ಅಂಗೈಯಿಂದ ಅವರ ಮೈಮೇಲೋ ಮ್ಯಾಟಿನ ಮೇಲೋ ಎರಡು ಸಲ ತಟ್ಟಬೇಕು. ತಟ್ಟಿದರೆ ಹಿಡಿದವರು ಆ ಕ್ಷಣವೇ ಬಿಡಬೇಕು. ತಟ್ಟಿದವರು ಸೋತ ಹಾಗೆ. ಚಿಕ್ಕ ಮಕ್ಕಳಿಗೆ ಇದರಿಂದ ಅಂಥ ತೊಂದರೆ ಇಲ್ಲ, ಅವರಿಗೆ ಬರೀ ಒತ್ತಿ ಹಿಡಿಯೋ ಪಟ್ಟುಗಳು. ಹದಿನೈದು ತುಂಬಿದ ಮೇಲೆ ಕೈ ತಿರುಚೋ ಪಟ್ಟುಗಳು ಸೇರುತ್ತವೆ. ಅದರಲ್ಲಿ ಒಂದಕ್ಕೆ ಗೋಪಾಳದ ಮಕ್ಕಳು ಕತ್ತರಿ ಅಂತ ಹೆಸರಿಟ್ಟಿದ್ದಾರೆ. ಬಿದ್ದವರ ಒಂದು ಕೈಯನ್ನು ತನ್ನೆರಡು ತೊಡೆಗಳ ನಡುವೆ ಸಿಕ್ಕಿಸಿ, ಮಣಿಕಟ್ಟನ್ನು ಎದೆಗೆ ಅವಚಿ, ಸೊಂಟ ಎತ್ತಿದರೆ ಆಯಿತು. ಭಾರವೆಲ್ಲ ಮೊಣಕೈ ಮೇಲೆ ಬೀಳುತ್ತದೆ. ಆಗ ತಟ್ಟದಿದ್ದರೆ ಕೀಲು ತಡೆಯೋದಿಲ್ಲ.

ಸಮ್ರೀನಳ ಬಲಗೈ ಪೂರ್ತಿ ನೆಟ್ಟಗಾಗೋದಿಲ್ಲ. ಬಳೆ ತೊಡಿಸಿಕೊಳ್ಳೋಕೆ ಚಾಚಿದರೂ ಮೊಣಕೈಯಲ್ಲಿ ಒಂಚೂರು ಬಾಗಿಯೇ ಇರುತ್ತದೆ. ಮಕ್ಕಳು ಅದಕ್ಕೊಂದು ಕಥೆ ಕಟ್ಟಿಕೊಂಡಿದ್ದರು. ಮಿಸ್ ಯಾವುದೋ ದೊಡ್ಡ ಪಂದ್ಯದಲ್ಲಿ ಕೈ ಮುರಿದರೂ ತಟ್ಟಲಿಲ್ಲವಂತೆ, ಉಳಿದ ಒಂದು ಕೈಯಲ್ಲೇ ಎದುರಿನವಳನ್ನು ಮಗುಚಿ ಹಾಕಿದರಂತೆ. ಹಳಬರು ಹೊಸಬರಿಗೆ ಹೇಳುತ್ತಾ ಹೇಳುತ್ತಾ ಆ ಎದುರಿನವಳು ಪಂಜಾಬಿನವಳೂ ಆಗಿದ್ದಳು. ಇದು ಸಮ್ರೀನಳ ಕಿವಿಗೂ ಬಿದ್ದಿತ್ತು. ಅವಳು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ನಡೆದದ್ದು ಭದ್ರಾವತಿಯಲ್ಲಿ, ಅವಳ ಹದಿನಾರನೇ ವಯಸ್ಸಿನಲ್ಲಿ.

ಅವಳ ತಂದೆ ಮೆಹಬೂಬ್ ಸಾಬ್ ಅಲ್ಲಿ ಲಾರಿಗಳ ಭಾರ ಹೊರುವ ಕಮಾನು ಪಟ್ಟಿಗಳನ್ನು ರಿಪೇರಿ ಮಾಡುತ್ತಿದ್ದರು. ಮಗಳು ಸಣ್ಣವಳಿದ್ದಾಗ ಪುಕ್ಕಲು. ಅಂಗಡಿಗೆ ಕಳಿಸಿದರೆ ಮುಂದೆ ನಿಂತವರು ಹೋಗಲಿ ಅಂತ ಕಾಯುತ್ತಾ ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದಳು. ಕಾರ್ಖಾನೆಯಲ್ಲಿ ಗಾರ್ಡ್ ಆಗಿದ್ದ ರಂಗಪ್ಪನವರು ಸಂಜೆ ಹೊತ್ತು ಕ್ವಾರ್ಟರ್ಸ್‌ನ ಹಳೇ ಷೆಡ್ಡಿನಲ್ಲಿ ಜೂಡೋ ಕಲಿಸುತ್ತಾರೆ ಅಂತ ಕೇಳಿ ಮೆಹಬೂಬ್ ಸಾಬ್ ಮಗಳನ್ನು ಕರೆದುಕೊಂಡು ಹೋದರು. ತಾಯಿ ಗುಲ್ಷನ್ ರೇಗಿದಳು. "ಹೆಣ್ಣುಮಗು ಕೈಕಾಲು ಮುರ್ಕೊಂಡು ಬಂದ್ರೆ ಏನ್ ಮಾಡ್ತೀರಿ?"

"ಕಮಾನು ಪಟ್ಟಿ ಬಗ್ಗಿ ಏಳ್ದೇ ಇದ್ರೆ ಲಾರಿ ಓಡಲ್ಲ ಗುಲ್ಷನ್. ಇವಳೂ ಸ್ವಲ್ಪ ಬಗ್ಗಿ ಏಳೋದು ಕಲೀಲಿ" ಅಂದರು ಅವರು. ಷೆಡ್ಡಿನಲ್ಲಿ ಮ್ಯಾಟು ಇರಲಿಲ್ಲ. ಭತ್ತದ ಹೊಟ್ಟು ತುಂಬಿದ ಗೋಣಿಚೀಲಗಳನ್ನು ಒತ್ತಾಗಿ ಹಾಸಿ, ಮೇಲೆ ಲಾರಿಯ ಟಾರ್ಪಾಲು ಬಿಗಿದಿದ್ದರು. ಮೊದಲಿದ್ದದ್ದು ಹರಿದಿದ್ದನ್ನು ನೋಡಿ ಮೆಹಬೂಬ್ ಸಾಬ್ ಗಿರಾಕಿಯೊಬ್ಬರಿಂದ ಬೇರೆ ಟಾರ್ಪಾಲು ಕೇಳಿ ತಂದುಕೊಟ್ಟರು.

ಅಲ್ಲಿ ಸಮ್ರೀನಳ ಜೋಡಿ ಸುಪ್ರಿಯಾ. ಕ್ವಾರ್ಟರ್ಸ್‌ನ ಹುಡುಗಿ, ಮನೆಯಲ್ಲಿ ತೆಲುಗು. ಇಬ್ಬರದೂ ಒಂದೇ ಎತ್ತರ, ಒಂದೇ ತೂಕ. ಜೂಡೋದಲ್ಲಿ ಜೋಡಿ ಇಲ್ಲದೆ ಏನೂ ಕಲಿಯೋಕೆ ಆಗೋದಿಲ್ಲ. ಒಬ್ಬಳು ತನ್ನ ಮೈಯನ್ನು ಕೊಟ್ಟರೆ ಇನ್ನೊಬ್ಬಳು ಕಲಿಯುತ್ತಾಳೆ, ಆಮೇಲೆ ಇವಳು ಕೊಡುತ್ತಾಳೆ. ಹಾಗೆ ಅವರಿಬ್ಬರೂ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಎತ್ತಿ ಹಾಕಿದ್ದರು. ಪುಕ್ಕಲು ಹುಡುಗಿ ಅಂಗಡಿಯಲ್ಲಿ ಧ್ವನಿ ಎತ್ತಿ ಅಕ್ಕಿ ಕೇಳುವಂತಾದಳು, ರಸ್ತೆ ದಾಟುವಂತಾದಳು. ಧೈರ್ಯ ಬಂತು. ಅದರ ಜೊತೆಗೆ ಒಂದಿಷ್ಟು ಜಂಬವೂ ಬಂತು.

ರಾಜ್ಯದ ಪಂದ್ಯಕ್ಕೆ ಹೋಗುವ ಮುಂಚಿನ ಅಭ್ಯಾಸದಲ್ಲಿ ಸುಪ್ರಿಯಾ ಅದೇ ಕತ್ತರಿ ಪಟ್ಟು ಹಾಕಿದಳು. ಸಮ್ರೀನಳ ಬಲಗೈ ಸಿಕ್ಕಿಬಿತ್ತು. ನೋವಾಯಿತು. ತಟ್ಟಲಿಲ್ಲ. ಬಿಡಿಸಿಕೊಳ್ತೀನಿ ಅಂತ ಒದ್ದಾಡಿದಳು. ಸುಪ್ರಿಯಾ ಕಾದಳು, ತಟ್ಟುತ್ತಾಳೆ ಅಂತ. ಇನ್ನೂ ಪಟ್ಟು ಸರಿಯಾಗಿ ಕೂತಿಲ್ಲವೇನೋ ಅಂದುಕೊಂಡು ಸೊಂಟ ಸ್ವಲ್ಪ ಎತ್ತಿದಳು. ಷೆಡ್ಡಿನ ಆ ತುದಿಯಲ್ಲಿದ್ದ ರಂಗಪ್ಪನವರಿಗೂ ಕೇಳಿಸುವ ಹಾಗೆ ಮೊಣಕೈ ಸದ್ದು ಮಾಡಿತು.

ಕೈಗೆ ಪಟ್ಟಿ ಹಾಕಿಸಿಕೊಂಡು ಸಮ್ರೀನ್ ಮತ್ತೆ ಷೆಡ್ಡಿಗೆ ಹೋದಾಗ ಸುಪ್ರಿಯಾ ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ಕೊನೆಗೆ ಅವಳ ಮನೆಗೇ ಹೋದಳು. ಸುಪ್ರಿಯಾ ಬಾಗಿಲಲ್ಲಿ ನಿಂತು ಆ ಪಟ್ಟಿಯನ್ನೇ ನೋಡಿದಳು. "ತಟ್ಟಿದ್ರೆ ಬಿಡ್ತಿದ್ದೆ ಕಣೇ. ಯಾಕೆ ತಟ್ಟಲಿಲ್ಲ?" ಅಂದಳು. ಸುಪ್ರಿಯಾ ಜೂಡೋ ಬಿಟ್ಟಳು. ಅವಳ ತಂದೆ ರಿಟೈರ್ ಆದ ಮೇಲೆ ಆ ಮನೆಯವರು ಊರೂ ಬಿಟ್ಟರು. ಕೈ ಹೇಗೋ ಅರ್ಧಂಬರ್ಧ ಕೂಡಿಕೊಂಡಿತು. ಬಾಗಿಲಲ್ಲಿ ಕೇಳಿದ ಆ ಮಾತು ಮಾತ್ರ ಸಮ್ರೀನಳಿಗೆ ಹಾಗೇ ಉಳಿಯಿತು.

ಆಮೇಲೆ ಮದುವೆಯಾಗಿ ಶಿವಮೊಗ್ಗಕ್ಕೆ ಬಂದಳು. ಗಂಡ ಜಮ್ಶೀದ್ ಶಾಲೆಯ ವ್ಯಾನ್ ಓಡಿಸುತ್ತಾನೆ, ಮನೆ ರವೀಂದ್ರನಗರದಲ್ಲಿ. ಬೆಳಿಗ್ಗೆ ಒಂದು ಶಾಲೆಯಲ್ಲಿ ಆಟದ ಮಿಸ್, ಸಂಜೆ ಗಿರಣಿಯ ಮಹಡಿ. ಹೀಗೆ ಅವಳ ದಿನ ನಡೆಯುತ್ತಿತ್ತು.

ಈ ವರ್ಷ ಜಿಲ್ಲೆಯ ಆಯ್ಕೆ ಪಂದ್ಯಕ್ಕೆ ಹೆಸರು ಕೊಡುವ ಹೊತ್ತಿಗೆ ಕ್ಲಾಸಿನಲ್ಲಿ ಹದಿನೈದು ತುಂಬಿದ ಹುಡುಗಿಯರು ಇಬ್ಬರು, ಲಿಖಿತಾ ಮತ್ತು ಆಲಿಯಾ. ಇಬ್ಬರೂ ಜೋಡಿ. ಲಿಖಿತಾ ಗಟ್ಟಿಮುಟ್ಟಾದ ಹುಡುಗಿ, ಹಿಡಿದರೆ ಹಲ್ಲಿಯ ಹಾಗೆ ಹಿಡಿಯುತ್ತಾಳೆ. ಈ ಸಲ ಅವಳು ಗೆದ್ದು ರಾಜ್ಯಕ್ಕೆ ಹೋಗುತ್ತಾಳೆ ಅಂತ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಬೇರೆ ಯಾವುದರ ಮೇಲೂ ಆಸೆ ಇರಲಿಲ್ಲ.

ಒಂದು ಸೋಮವಾರ ಮ್ಯಾಟು ಗುಡಿಸುವಾಗ ಆಲಿಯಾ ಸಮ್ರೀನಳ ಪಕ್ಕಕ್ಕೆ ಬಂದಳು. "ಆಪಾ, ನಂಗೆ ಬೇರೆ ಜೋಡಿ ಕೊಡಿ."

"ಯಾಕೆ? ಜಗಳಾನಾ?"

"ಜಗಳ ಇಲ್ಲ. ಅವಳು ತಟ್ಟಲ್ಲ ಆಪಾ. ಕತ್ತರಿ ಹಾಕಿದ್ರೆ ಹಲ್ಲು ಕಚ್ಕೊಂಡು ಸುಮ್ನಿರ್ತಾಳೆ. ನಾನೇ ಹೆದ್ರಿಕೊಂಡು ಬಿಟ್ಬಿಡ್ತೀನಿ. ಆಮೇಲೆ ನನ್ನನ್ನೇ ಆಡ್ಕೊಳ್ತಾಳೆ, ನಿನ್ನ ಕೈಯಲ್ಲಿ ಏನೂ ಆಗಲ್ಲ ಮಾರಾಯ್ತಿ ಅಂತ."

ಸಮ್ರೀನಳ ಕೈಯಲ್ಲಿ ಪೊರಕೆ ಹಾಗೇ ನಿಂತಿತು. ಸುಪ್ರಿಯಾ ಬಾಯಿಬಿಟ್ಟು ಹೇಳೋಕಾಗದೇ ಹೋದದ್ದನ್ನು ಈ ಹುಡುಗಿ ಹೇಳುತ್ತಿದ್ದಳು.

ಅವತ್ತೇ ಲಿಖಿತಾಳನ್ನು ಕರೆದು ಹೇಳಿದಳು. "ಶನಿವಾರ ಹೆಸರು ಕೊಡಬೇಕು. ಅಷ್ಟರೊಳಗೆ ನೀನು ಆಲಿಯಾಳ ಕತ್ತರಿಗೆ ತಟ್ಟಬೇಕು. ತಟ್ಟೋದು ಬರದವರ ಹೆಸರು ನಾನು ಕಳಿಸಲ್ಲ."

ಲಿಖಿತಾ ನಂಬಲಿಲ್ಲ. "ನಂಗೆ ನೋವೇ ಆಗಲ್ಲ ಮಿಸ್, ಯಾಕೆ ತಟ್ಲಿ?"

"ನೋವಾಗುತ್ತೆ. ನಿನ್ನ ಕಾಲ್ಬೆರಳು ಮಡಚ್ಕೊಳ್ಳೋದು ನಾನು ನೋಡಿದೀನಿ."

"ನೀವೂ ತಟ್ಟಲಿಲ್ಲ ಅಲ್ವಾ ಮಿಸ್? ನಿಮ್ಮ ಕೈ ನೋಡಿಯೇ ನಾನು ಕಲ್ತಿದ್ದು."

ಸುತ್ತ ಮಕ್ಕಳಿದ್ದರು. ಎಲ್ಲರ ಕಣ್ಣೂ ಮಿಸ್ಸಿನ ಮೊಣಕೈ ಮೇಲೆ. ಸಮ್ರೀನ್ ಅಂಗಿಯ ತೋಳು ಕೆಳಗೆಳೆದುಕೊಂಡು, "ಹೋಗು, ಮ್ಯಾಟು ಮಡಚು" ಅಂದಳು. ಆ ಕಥೆಯನ್ನು ಅಲ್ಲ ಅನ್ನದೆ ಬಿಟ್ಟಿದ್ದರ ಫಲ ಇದು ಅಂತ ಅವಳಿಗೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅನ್ನಿಸಿತು.

ಬುಧವಾರ ಲಿಖಿತಾಳ ತಂದೆ ಪುಟ್ಟಯ್ಯ ಬಂದರು. ಗಾಜನೂರು ಕಡೆಯವರು, ಅಲ್ಲಿ ತೋಟ ಇದೆ, ಇಲ್ಲಿ ಸಹಕಾರ ಸಂಘದಲ್ಲಿ ಕೆಲಸ. ವಯಸ್ಸಿನಲ್ಲಿ ಕಬಡ್ಡಿ ಆಡಿದವರು. ಮಗಳನ್ನು ಜೂಡೋಗೆ ಹಾಕಿದ್ದೂ ಅವರೇ, ದಿನಾ ಬಿಟ್ಟು ಕರೆದುಕೊಂಡು ಹೋಗುವವರೂ ಅವರೇ. ಕೆಟ್ಟ ಮನುಷ್ಯ ಅಲ್ಲ. ಚಪ್ಪಲಿ ಬಿಟ್ಟು, ಮಕ್ಕಳ ಚಪ್ಪಲಿಗಳ ಸಾಲಿನಲ್ಲೇ ನೇರ ಇಟ್ಟು ಒಳಗೆ ಬಂದರು.

"ಏನಮ್ಮಾ ಇದು? ಗೆಲ್ಲೋದು ಕಲಿಸಿ ಅಂತ ಕಳಿಸಿದ್ರೆ ಸೋಲೋ ಪರೀಕ್ಷೆ ಇಟ್ಟಿದೀರಂತೆ?"

"ಸೋಲೋದಲ್ಲ ಸಾರ್, ತಟ್ಟೋದು."

"ಎರಡೂ ಒಂದೇ. ನಾವು ಕಬಡ್ಡಿ ಆಡುವಾಗ ಐದು ಜನ ಮೇಲೆ ಬಿದ್ರೂ ಉಸಿರು ಬಿಡ್ತಿರಲಿಲ್ಲ. ನನ್ನ ಮಗಳ ಮೈಯಲ್ಲೂ ಅದೇ ರಕ್ತ ಇರೋದು. ಬೇಕಾದ್ರೆ ನಾನೇ ಮಲಗ್ತೀನಿ, ಅವಳೇ ಹಿಡೀಲಿ. ತಟ್ತೀನಾ ನೋಡಿ."

ಮಕ್ಕಳು ಹೋ ಅಂದರು. ಸಮ್ರೀನ್ ಬೇಡ ಅಂದಳು, ವಯಸ್ಸಾಗಿದೆ ಅಂದಳು. ವಯಸ್ಸು ಅಂದದ್ದೇ ತಪ್ಪಾಯಿತು. ಪುಟ್ಟಯ್ಯ ಜೇಬಿನಿಂದ ಫೋನು, ಬೈಕಿನ ಕೀ ತೆಗೆದು ಕಿಟಕಿಯಲ್ಲಿಟ್ಟು, ಬೆಲ್ಟು ಬಿಚ್ಚಿ, ಮ್ಯಾಟಿನ ನಡುವೆ ಅಂಗಾತ ಮಲಗಿಯೇಬಿಟ್ಟರು. ಕತ್ತರಿ ಹಾಕುವ ಹಾಗಿಲ್ಲ, ಬರೀ ಒತ್ತಿ ಹಿಡಿಯೋದು, ಎದೆ ಮೇಲೆ ಭಾರ ಬಿಡಬೇಡ ಅಂತ ಸಮ್ರೀನ್ ಲಿಖಿತಾಳಿಗೆ ಹೇಳಿ ಹತ್ತಿರವೇ ಕೂತಳು.

ಲಿಖಿತಾ ನಗುತ್ತಲೇ ಅಪ್ಪನ ಕತ್ತಿನ ಕೆಳಗೆ ಕೈ ತೂರಿಸಿ, ಪಕ್ಕಕ್ಕೆ ಕೂತು, ತಲೆ ತಗ್ಗಿಸಿ ಹಿಡಿದಳು. ಪುಟ್ಟಯ್ಯ ಒಂದು ಸಲ ಕೊಸರಿದರು, ಆಗಲಿಲ್ಲ. ಇನ್ನೊಂದು ಸಲ ಹಿಮ್ಮಡಿ ಊರಿ ಎತ್ತಿ ಹಾಕೋಕೆ ನೋಡಿದರು, ಅದೂ ಆಗಲಿಲ್ಲ. ಮುಖ ಕೆಂಪಾಯಿತು.

"ಅಂಕಲ್, ತಟ್ಟಿ ಅಂಕಲ್!" ಮಕ್ಕಳ ಕೂಗು.

"ಹಿಡಿ... ಇನ್ನೂ ಹಿಡಿ" ಅಂದರು ಪುಟ್ಟಯ್ಯ. ಧ್ವನಿ ಮೂಗಿನಿಂದ ಬರುತ್ತಿತ್ತು.

ಲಿಖಿತಾಳ ನಗು ನಿಂತಿತು. ಅಪ್ಪನ ಕಿವಿ ಅವಳ ಬಾಯಿಯ ಹತ್ತಿರವೇ ಇತ್ತು. "ಅಪ್ಪಾ, ಸಾಕು, ತಟ್ಟು" ಅಂದಳು. ಅವರು ತಲೆ ಅಲ್ಲಾಡಿಸಿದರು. ಕತ್ತಿನ ನರ ಉಬ್ಬಿದ್ದು ಅವಳ ತೋಳಿಗೆ ತಾಗುತ್ತಿತ್ತು. "ಅಪ್ಪಾ, ತಟ್ಟಪ್ಪಾ." ಅವರು ಕಣ್ಣು ಮುಚ್ಚಿಕೊಂಡರು. ಲಿಖಿತಾ ತಲೆ ಎತ್ತಿ ಸಮ್ರೀನಳನ್ನು ನೋಡಿದಳು. ಸಮ್ರೀನ್ ಸಾಕು ಅನ್ನೋಕೆ ಕೈ ಎತ್ತುವಷ್ಟರಲ್ಲಿ ಹುಡುಗಿ ತಾನೇ ಹಿಡಿತ ಬಿಟ್ಟು ಹಿಂದಕ್ಕೆ ಕೂತಳು.

ಪುಟ್ಟಯ್ಯ ಎದ್ದು ಕೂತು ದೀರ್ಘವಾಗಿ ಉಸಿರೆಳೆದುಕೊಂಡರು. ಕೂದಲು ಕೆದರಿತ್ತು, ಅಂಗಿಯ ಗುಂಡಿ ಒಂದು ಹಾರಿತ್ತು. "ನೋಡಿದ್ರಾ? ಬಿಡಿಸ್ಕೊಂಡೆ!"

"ನೀನು ಬಿಡಿಸ್ಕೊಳ್ಳಲಿಲ್ಲ. ನಾನು ಬಿಟ್ಟೆ" ಅಂದಳು ಲಿಖಿತಾ.

"ಯಾಕೆ ಬಿಟ್ಟೆ? ಹಿಡಿದವರು ಬಿಡಬಾರದು."

"ನಿಂಗೆ ಏನಾಗ್ತಿದೆ ಅಂತ ನಂಗೆ ಗೊತ್ತಾಗ್ಲಿಲ್ಲ ಅಪ್ಪ! ಎಷ್ಟು ಕೇಳಿದೆ. ನೀನು ಹೇಳ್ಲೇ ಇಲ್ಲ." ಎದ್ದು ಹೋಗಿ ನೀರಿನ ಬಾಟಲಿ ತಂದು ಅಪ್ಪನ ಕೈಗೆ ಕೊಟ್ಟಳು. ಅವರು ಏನೋ ತಮಾಷೆ ಮಾಡಲು ಹೊರಟವರು ಮಗಳ ಮುಖ ನೋಡಿ ಸುಮ್ಮನೆ ನೀರು ಕುಡಿದರು. ಆಲಿಯಾ ಗೋಡೆಗೆ ಒರಗಿ ಇದನ್ನೆಲ್ಲ ನೋಡುತ್ತಾ ನಿಂತಿದ್ದಳು.

ಸಮ್ರೀನಳಿಗೆ ಇನ್ನು ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ಲ. ಎಲ್ಲರನ್ನೂ ಕೂರಿಸಿದಳು. ಅಂಗಿಯ ತೋಳು ಮಡಚಿ ಕೈ ತೋರಿಸಿದಳು.

"ಇದು ಪಂದ್ಯದಲ್ಲಿ ಆಗಿದ್ದಲ್ಲ. ಅಭ್ಯಾಸದಲ್ಲಿ ಆಗಿದ್ದು. ಪಂಜಾಬಿನವಳೂ ಅಲ್ಲ, ನನ್ನ ಜೋಡಿ, ಸುಪ್ರಿಯಾ ಅಂತ. ನಾನು ತಟ್ಟಲಿಲ್ಲ, ಅವಳಿಗೆ ಗೊತ್ತಾಗಲಿಲ್ಲ, ಕೈ ಹೋಯ್ತು. ನಾನು ಗೆಲ್ಲಲೂ ಇಲ್ಲ. ಕೈ ಮುರಿದದ್ದು ನಂದು, ಆಟ ಬಿಟ್ಟಿದ್ದು ಅವಳು. ನನಗಿಂತ ಚೆನ್ನಾಗಿ ಆಡ್ತಿದ್ಲು. ಅವಳ ಆಟ ನಾನೇ ಬಿಡಿಸಿದ ಹಾಗಾಯ್ತು."

ಹಿಂದಿನಿಂದ ಒಬ್ಬ ಚಿಕ್ಕವನು, "ಪಂಜಾಬಿ ಇಲ್ವಾ ಮಿಸ್?" ಅಂತ ಬೇಜಾರಿನಿಂದ ಕೇಳಿದ.

"ಇಲ್ಲ ಕಣೋ."

ಶುಕ್ರವಾರ ಲಿಖಿತಾ ಬೇಗ ಬಂದಳು. ಆಲಿಯಾ ಬರುವ ಹೊತ್ತಿಗೆ ಮ್ಯಾಟು ಹಾಸಿ ಆಗಿತ್ತು. ನಮಸ್ಕಾರ ಆದ ಮೇಲೆ ಜೋಡಿಗಳು ನಿಂತವು. ಆಲಿಯಾ ಬೇರೆ ಹುಡುಗಿಯ ಹತ್ತಿರ ಹೋಗಿ ನಿಂತಳು. ಸಮ್ರೀನ್ ಅದನ್ನು ನೋಡಿದರೂ ಕರೆಯಲಿಲ್ಲ. ಲಿಖಿತಾ ತಾನೇ ನಡೆದು ಹೋಗಿ ಆಲಿಯಾಳ ಎದುರು ಬಗ್ಗಿ ನಮಸ್ಕಾರ ಮಾಡಿದಳು.

"ಬರಲ್ಲ ಹೋಗೇ" ಅಂದಳು ಆಲಿಯಾ.

"ಒಂದ್ಸಲ. ಕತ್ತರಿ ಹಾಕು. ಇವತ್ತು ತಟ್ತೀನಿ."

"ನಾಳೆ ಹೆಸರು ಕೊಡ್ಬೇಕಲ್ಲ, ಅದಕ್ಕೇ ತಟ್ತೀಯ."

ಲಿಖಿತಾ ಇಲ್ಲ ಅನ್ನಲಿಲ್ಲ. "ಅದಕ್ಕೂ ಹೌದು" ಅಂದಳು. "ಆದ್ರೆ ಮೊನ್ನೆ ಅಪ್ಪನ್ನ ಹಿಡ್ದಾಗ ನಂಗೆ ತುಂಬಾ ಹೆದ್ರಿಕೆ ಆಗ್ಬಿಡ್ತು ಕಣೇ. ನಿಂಗೂ ಹಂಗೇ ಆಗ್ತಿತ್ತಾ?"

ಆಲಿಯಾ ಅವಳ ಕಡೆ ತಿರುಗಿದಳು. "ಹೂಂ" ಅಂದಳು. "ನೀನು ಆಡ್ಕೊಳ್ತಿದ್ದೆ."

"ಇನ್ನು ಆಡ್ಕೊಳ್ಳಲ್ಲ."

ಇಬ್ಬರೂ ಮ್ಯಾಟಿಗೆ ಇಳಿದರು. ಆಲಿಯಾ ಲಿಖಿತಾಳ ಕೈಯನ್ನು ತೊಡೆಗಳ ನಡುವೆ ಸಿಕ್ಕಿಸಿದ್ದೇ ತಡ, ಲಿಖಿತಾ ಪಟಪಟ ಅಂತ ತಟ್ಟಿದಳು.

"ಅಯ್ಯೋ, ಇನ್ನೂ ಹಿಡಿದೇ ಇಲ್ಲ ಮಾರಾಯ್ತಿ!"

ಎಲ್ಲರೂ ನಕ್ಕರು. ಲಿಖಿತಾಳೂ ನಕ್ಕಳು. ತಟ್ಟೋಕೂ ಒಂದು ಹದ ಇದೆ. ಮುಂಚೆಯೇ ತಟ್ಟಿದರೆ ಹಿಡಿದವಳು ಏನೂ ಕಲಿಯೋದಿಲ್ಲ, ತಡವಾದರೆ ಕೈ ಹೋಗುತ್ತದೆ. ಆ ನಡುವಿನ ಜಾಗವನ್ನು ಹುಡುಕೋಕೆ ಅವರಿಗೆ ಆ ಸಂಜೆಯೆಲ್ಲ ಹಿಡಿಯಿತು. ಲಿಖಿತಾ ತಟ್ಟಿದ ಪ್ರತಿ ಸಲವೂ ಆಲಿಯಾ ಬಿಟ್ಟಳು. ಬಿಡುತ್ತಾಳೆ ಅಂತ ಲಿಖಿತಾಳಿಗೂ, ತಟ್ಟಿ ಹೇಳುತ್ತಾಳೆ ಅಂತ ಆಲಿಯಾಳಿಗೂ ನಂಬಿಕೆ ಬಂದ ಮೇಲೆ ಇಬ್ಬರ ಆಟವೂ ಬೇರೆಯಾಯಿತು. ಹೆದರಿಕೆ ಇಲ್ಲದ ಆಲಿಯಾಳ ಪಟ್ಟು ಎಷ್ಟು ಗಟ್ಟಿ ಅನ್ನೋದು ಅವತ್ತೇ ಎಲ್ಲರಿಗೂ ಗೊತ್ತಾದದ್ದು.

ಶನಿವಾರ ಸಮ್ರೀನ್ ಇಬ್ಬರ ಹೆಸರನ್ನೂ ಕಳಿಸಿದಳು.

ಆಯ್ಕೆ ಪಂದ್ಯ ಶಿವಮೊಗ್ಗದಲ್ಲೇ ನಡೆಯಿತು. ಪುಟ್ಟಯ್ಯ ರಜೆ ಹಾಕಿ, ಹೆಂಡತಿ ಸುವರ್ಣಮ್ಮನನ್ನೂ ಕರೆದುಕೊಂಡು ಬಂದು ಮೇಲಿನ ಸಾಲಿನಲ್ಲಿ ಕೂತರು. ಆಲಿಯಾ ಮೊದಲ ಆಟದಲ್ಲೇ ಸ್ವಲ್ಪ ಅಂಕದ ಅಂತರದಲ್ಲಿ ಸೋತಳು. ಲಿಖಿತಾ ಮೊದಲನೆಯದನ್ನು ಗೆದ್ದಳು. ಎರಡನೆಯದರಲ್ಲಿ ಎದುರಿಗೆ ಬಂದವಳು ಸಾಗರದ ಹುಡುಗಿ, ತೆಳ್ಳಗೆ, ಉದ್ದ ಕಾಲು. ಇದನ್ನು ಗೆದ್ದವರು ಫೈನಲ್‌ಗೆ. ಲಿಖಿತಾ ಅವಳನ್ನು ಬೀಳಿಸಿದಳು ಕೂಡ. ಆದರೆ ಒತ್ತಿ ಹಿಡಿಯೋಕೆ ಕೈ ಚಾಚಿದಾಗ ಆ ಹುಡುಗಿ ಕೆಳಗಿನಿಂದಲೇ ಕಾಲು ತಿರುಗಿಸಿ ಕತ್ತರಿ ಹಾಕಿದಳು.

ಸಮ್ರೀನ್ ಮ್ಯಾಟಿನ ಅಂಚಿನಲ್ಲಿ ಕೂತಿದ್ದಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಲಿಖಿತಾಳ ಕಾಲ್ಬೆರಳುಗಳು. ಅವು ಮಡಚಿಕೊಂಡವು. ಲಿಖಿತಾ ಒಂದು ಸಲ ಹೊರಳಿ ಬಿಡಿಸಿಕೊಳ್ಳೋಕೆ ನೋಡಿದಳು, ಸರಿಯಾಗಿಯೇ ನೋಡಿದಳು. ದಾರಿ ಇರಲಿಲ್ಲ. ಎಡಗೈ ಎತ್ತಿ ಸಾಗರದ ಹುಡುಗಿಯ ತೊಡೆಗೆ ಎರಡು ಸಲ ತಟ್ಟಿದಳು.

ಆ ಹುಡುಗಿ ತಕ್ಷಣ ಬಿಟ್ಟಳು.

ನಮಸ್ಕಾರ ಮಾಡಿ ಕೆಳಗಿಳಿದ ಮೇಲೆ ಲಿಖಿತಾ ಗೋಡೆಗೆ ಮುಖ ಮಾಡಿ ಸ್ವಲ್ಪ ಅತ್ತಳು. ಸಮ್ರೀನ್ ಅಳೋಕೆ ಬಿಟ್ಟಳು. ಪುಟ್ಟಯ್ಯ ಮೇಲಿನಿಂದ ಇಳಿದು ಬಂದರು. ಏನನ್ನುತ್ತಾರೋ ಅಂತ ಸಮ್ರೀನ್ ನೋಡುತ್ತಿದ್ದಳು.

"ಸ್ವಲ್ಪ ತಡೆದಿದ್ರೆ ಬಿಡಿಸ್ಕೊಳ್ತಿದ್ಲೇನೋ" ಅಂದರು, ಮಗಳಿಗೆ ಕೇಳಿಸದ ಹಾಗೆ.

"ಬಿಡಿಸ್ಕೊಳ್ಳೋಕೆ ಆಗ್ತಿರಲಿಲ್ಲ ಸಾರ್. ಸರಿಯಾದ ಹೊತ್ತಿಗೇ ತಟ್ಟಿದ್ಲು."

ಪುಟ್ಟಯ್ಯ ತಲೆ ಕೆರೆದುಕೊಂಡರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. "ಮನೆಗೆ ಹೋಗೋಣ್ವಾ ಹಾಗಾದ್ರೆ?" ಅಂದರು.

"ಎಲ್ಲಿಗೆ? ಮೂರನೇ ಸ್ಥಾನದ ಆಟ ಇನ್ನೂ ಇದೆ."

ಅಷ್ಟರಲ್ಲಿ ಆ ಸಾಗರದ ಹುಡುಗಿಯೇ ಹುಡುಕಿಕೊಂಡು ಬಂದಳು. "ಕೈ ನೋವಾಯ್ತಾ?" ಅಂತ ಕೇಳಿದಳು. ಲಿಖಿತಾ ಮುಖ ಒರೆಸಿಕೊಂಡು ಇಲ್ಲ ಅಂದಳು. ಆಮೇಲೆ, "ಅದ್ಹೇಗೆ ಕೆಳಗಿಂದ ಹಾಕಿದೆ ನೀನು?" ಅಂತ ಕೇಳಿದಳು.

"ನೀನು ನನ್ನ ಎಡಗಾಲು ನೋಡ್ಲೇ ಇಲ್ಲ."

"ತೋರ್ಸು."

ಇಬ್ಬರೂ ಬೆಂಚಿನ ಪಕ್ಕದ ಸಿಮೆಂಟು ನೆಲದ ಮೇಲೆಯೇ ಕೂತರು. ಆಲಿಯಾಳೂ ಬಂದು ಸೇರಿಕೊಂಡಳು. ಸಾಗರದವಳು ಕಾಲು ತಿರುಗಿಸಿ ನಿಧಾನವಾಗಿ ತೋರಿಸಿದಳು, ಲಿಖಿತಾ ನಿಧಾನವಾಗಿ ಕೈ ಕೊಟ್ಟಳು, ತಟ್ಟಿದಳು, ಅವಳು ಬಿಟ್ಟಳು. ಮತ್ತೊಂದು ಸಲ ಅಂತ ಹೇಳುವಷ್ಟರಲ್ಲಿ ಮೈಕಿನಲ್ಲಿ ಲಿಖಿತಾಳ ಹೆಸರು ಕೂಗಿದರು. ಅವಳು ಎದ್ದು, ಅಂಗಿ ಎಳೆದುಕೊಂಡು, ಸೊಂಟದ ಪಟ್ಟಿ ಬಿಗಿಮಾಡಿಕೊಳ್ಳುತ್ತಾ ಮ್ಯಾಟಿನ ಕಡೆ ನಡೆದಳು.